ಹೆಸರು ಗೊತ್ತಿಲ್ಲದ ಮರದ ಬುಡದಲ್ಲಿ ನಿಂತಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಗೊತ್ತಿಲ್ಲದ ಮರ ಕಂಡ ಕೂಡಲೇ ಬಾಯಿಗೆ ಬರುವ ಮೊದಲ ಮಾತು ‘ಇದು ಯಾವ ಮರ?’ ಎಂದು. ಅದಕ್ಕೆ ಉತ್ತರ ಒಂದೇ ಒಂದು ಪದ. ಆದರೆ ಆ ಪದ ಸಿಗುವ ದಾರಿಯಲ್ಲಿ ಎಲೆಯ ಕಂಕುಳು, ಚಿಗುರಿನ ಪೊರೆ, ತೊಗಟೆಯ ಬಿರುಕು, ಎಲೆ ಕಿತ್ತಲ್ಲಿ ಒಸರುವ ಹಾಲಿನ ಬಣ್ಣ ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಮರದ ಪರಿಚಯ ಆಗುವುದು ಅಲ್ಲಿ. ಹೆಸರು ಮೊದಲೇ ಸಿಕ್ಕಿಬಿಟ್ಟರೆ ನೋಡುವುದೂ ಅಲ್ಲಿಗೇ ನಿಂತುಹೋಗುತ್ತದೆ. ಹಲವು ವರ್ಷ ಮರಗಳ ಬೆನ್ನು ಹತ್ತಿದ ಮೇಲೆ ನನಗೆ ಖಚಿತವಾದ ಸಂಗತಿ ಇದು. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಹೆಸರಿಗಿಂತ ನೋಡುವ ಕ್ರಮಕ್ಕೇ ಹೆಚ್ಚು ಜಾಗ ಸಿಕ್ಕಿದೆ.

ಮೊದಲು ಏನನ್ನು ನೋಡಬೇಕು?

ಹತ್ತಿರ ಹೋಗುವ ಮೊದಲು ಹತ್ತಿಪ್ಪತ್ತು ಹೆಜ್ಜೆ ದೂರದಲ್ಲೇ ನಿಂತು ಇಡೀ ಮರವನ್ನು ಒಮ್ಮೆ ನೋಡಿ. ಕಾಂಡ ನೆಟ್ಟಗೆ ಮೇಲೆ ಹೋಗಿದೆಯೇ, ಗಿಡ್ಡಕ್ಕೇ ಕವಲೊಡೆದಿದೆಯೇ, ಕೊಂಬೆಗಳು ಮಹಡಿ ಮಹಡಿಯಾಗಿ ಅಡ್ಡಕ್ಕೆ ಚಾಚಿವೆಯೇ, ರೆಂಬೆಗಳ ತುದಿ ಜೋತುಬಿದ್ದಿದೆಯೇ? ಬಾದಾಮಿ ಮರದ ಮಹಡಿಗಳನ್ನೂ ಬೂರುಗದ ಅಡ್ಡ ಕೊಂಬೆಗಳನ್ನೂ ಒಮ್ಮೆ ಮನಸ್ಸಿಟ್ಟು ನೋಡಿದವರು ಮುಂದೆ ದೂರದಿಂದಲೇ ಗುರುತು ಹಿಡಿಯುತ್ತಾರೆ.

ಆಮೇಲೆ ಹತ್ತಿರ ಹೋಗಿ ಕೈಗೆಟುಕುವ ಒಂದು ರೆಂಬೆಯ ತುದಿಯನ್ನು, ಗೇಣುದ್ದದಷ್ಟು, ಬಗ್ಗಿಸಿ ನೋಡಿ. ಕೀಳಬೇಕಾಗಿಲ್ಲ. ಒಂಟಿ ಎಲೆ ಕಿತ್ತು ತಂದು ‘ಇದು ಯಾವುದು?’ ಎಂದು ಕೇಳುವವರೇ ಹೆಚ್ಚು. ಒಂಟಿ ಎಲೆಯಲ್ಲಿ ಅರ್ಧ ಸಾಕ್ಷ್ಯ ಇರುವುದೇ ಇಲ್ಲ. ಎಲೆಗಳು ಯಾವ ಕ್ರಮದಲ್ಲಿ ಕೂತಿದ್ದವು, ಮೊಗ್ಗು ಎಲ್ಲಿತ್ತು, ಉದುರಿದ ಎಲೆ ಎಂಥ ಗುರುತು ಬಿಟ್ಟಿತ್ತು, ಇದೆಲ್ಲ ರೆಂಬೆಯಲ್ಲೇ ಉಳಿದುಹೋಗಿರುತ್ತದೆ.

ಹೂವೂ ಇಲ್ಲ, ಕಾಯಿಯೂ ಇಲ್ಲ. ಬರೀ ಎಲೆಯಿಂದ ಗುರುತಿಸಬಹುದೇ?

ಪ್ರಭೇದದವರೆಗೆ, ಅಂದರೆ ಇಂಥದ್ದೇ ಮರ ಎನ್ನುವಷ್ಟು ಖಚಿತವಾಗಿ, ಎಲ್ಲ ಸಲ ಆಗುವುದಿಲ್ಲ. ಕುಟುಂಬದವರೆಗೆ, ಅಂದರೆ ನಂಟಿರುವ ಮರಗಳ ದೊಡ್ಡ ಗುಂಪಿನವರೆಗೆ, ಬಹಳ ಸಲ ಆಗುತ್ತದೆ. ಸಸ್ಯಶಾಸ್ತ್ರದ ಪುಸ್ತಕಗಳು ಹೂವಿನ ಮೇಲೆಯೇ ನಿಂತಿರುವುದಕ್ಕೆ ಕಾರಣ ಇದೆ: ಹೂವಿನ ರಚನೆ ಒಂದು ಪ್ರಭೇದದೊಳಗೆ ಅಷ್ಟಾಗಿ ಬದಲಾಗುವುದಿಲ್ಲ, ಎಲೆಯಾದರೋ ನೆರಳು ಬಿಸಿಲಿಗೆಲ್ಲ ಗಾತ್ರ ಬದಲಿಸುತ್ತದೆ. ಆದರೆ ಮರಗಳ ವಿಷಯದಲ್ಲಿ ಒಂದು ತೊಡಕು. ಎಷ್ಟೋ ಮರಗಳು ವರ್ಷಕ್ಕೆ ಕೆಲವೇ ವಾರ ಹೂಬಿಡುತ್ತವೆ, ಅದೂ ಕಣ್ಣಿಗೂ ಸರಿಯಾಗಿ ಕಾಣದಷ್ಟು ಎತ್ತರದಲ್ಲಿ. ಹೂವಿಗೇ ಕಾದು ಕೂತರೆ ವರ್ಷದ ಬಹುಪಾಲು ಯಾವ ಮರವೂ ಗೊತ್ತಾಗುವುದಿಲ್ಲ. ಎಲೆ, ರೆಂಬೆ, ಹಾಲು, ವಾಸನೆ ಇಷ್ಟನ್ನೇ ಹಿಡಿದು ಕುಟುಂಬಕ್ಕೆ ತಲುಪುವುದು ಕಲಿಯಬಹುದಾದ ವಿದ್ಯೆ. ಕುಟುಂಬ ಗೊತ್ತಾದರೆ ಹುಡುಕುವ ಜಾಗ ಸಾವಿರಾರು ಪ್ರಭೇದಗಳಿಂದ ಹತ್ತಿಪ್ಪತ್ತಕ್ಕೆ ಇಳಿದಂತೆ.

ಎಲೆ ಯಾವುದು, ಕಿರುಎಲೆ ಯಾವುದು? ಎಲ್ಲರೂ ಎಡವುವುದು ಇಲ್ಲೇ ಅನ್ನುತ್ತಾರಲ್ಲ?

ನಿಜ. ಇದೊಂದು ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಾವಿನದು ಸರಳ ಎಲೆ: ಒಂದು ತೊಟ್ಟು, ಒಂದು ಹಾಳೆ. ಬೇವಿನದು ಸಂಯುಕ್ತ ಎಲೆ. ಬೇವಿನ ಎಲೆ ಎಂದು ನಾವು ಕೀಳುವ ಗರಗಸದಂಚಿನ ಚೂಪು ಎಸಳು ನಿಜವಾಗಿ ಕಿರುಎಲೆ. ಅಂಥವು ಸಾಲಾಗಿ ಕೂತ ಆ ಇಡೀ ಕಡ್ಡಿಯೇ ಒಂದು ಎಲೆ. ಇದನ್ನು ತೀರ್ಮಾನಿಸುವುದು ಮೊಗ್ಗು. ಎಲೆ ರೆಂಬೆಗೆ ಸೇರುವ ಕಂಕುಳಲ್ಲಿ ಒಂದು ಪುಟ್ಟ ಮೊಗ್ಗು, ಕೆಲವರು ಕಣ್ಣು ಎನ್ನುತ್ತಾರೆ, ಇರುತ್ತದೆ. ಕಿರುಎಲೆಯ ಬುಡದಲ್ಲಿ ಇರುವುದಿಲ್ಲ. ಎಲೆಯ ತುದಿಯಿಂದ ಹಿಂದಕ್ಕೆ ಬೆರಳು ಜಾರಿಸುತ್ತ ಬನ್ನಿ. ಮೊದಲ ಮೊಗ್ಗು ಎಲ್ಲಿ ಸಿಗುತ್ತದೋ ಎಲೆ ಶುರುವಾಗುವುದು ಅಲ್ಲಿಂದ. ಇನ್ನೊಂದು ಸುಳಿವು ಕಡ್ಡಿಯ ತುದಿ. ರೆಂಬೆಯ ತುದಿಯಲ್ಲಿ ಬೆಳೆಯುವ ಚಿಗುರು ಇರುತ್ತದೆ, ಸಂಯುಕ್ತ ಎಲೆಯ ಕಡ್ಡಿಗೆ ಅದು ಇರುವುದಿಲ್ಲ.

ಈ ನಿಯಮ ಎಷ್ಟು ಚೊಕ್ಕವಾಗಿ ಕೆಲಸ ಮಾಡುತ್ತದೆ ಎಂದು ನೋಡಬೇಕಿದ್ದರೆ ಬೆಟ್ಟದ ನೆಲ್ಲಿಯ ಬಳಿ ಹೋಗಿ. ಮೊದಲ ನೋಟಕ್ಕೆ ಹುಣಸೆಯ ಹಾಗೆ, ಕಡ್ಡಿಯ ಎರಡೂ ಬದಿಗೆ ಸಣ್ಣ ಸಣ್ಣ ಕಿರುಎಲೆ ಜೋಡಿಸಿದ ಸಂಯುಕ್ತ ಎಲೆಯೇ ಸರಿ ಅನ್ನಿಸುತ್ತದೆ. ನಾನೂ ಹಾಗೆಯೇ ಬರೆದುಕೊಂಡಿದ್ದೆ. ಒಮ್ಮೆ ಹೂ ಬಿಡುವ ಕಾಲಕ್ಕೆ ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದು ಅದೇ ಕಡ್ಡಿ ನೋಡಿದರೆ, ಆ ‘ಕಿರುಎಲೆ’ಗಳ ಬುಡದಲ್ಲಿ ಸಾಸಿವೆ ಗಾತ್ರದ ಹಸಿರುಹಳದಿ ಹೂಗಳು ಗುಂಪು ಗುಂಪಾಗಿ ಕೂತಿದ್ದವು. ಕಿರುಎಲೆಯ ಕಂಕುಳಲ್ಲಿ ಹೂವು ಹುಟ್ಟುವುದಿಲ್ಲ. ಅಂದರೆ ಅವು ಕಿರುಎಲೆಗಳಲ್ಲ, ಪೂರ್ಣ ಎಲೆಗಳೇ. ಆ ಕಡ್ಡಿ ಎಲೆಯಲ್ಲ, ಕಿರುರೆಂಬೆ. ನೆಲ್ಲಿಯ ವಿಶೇಷ ಏನೆಂದರೆ ಆ ಕಿರುರೆಂಬೆ ಎಲೆಯಂತೆ ಇಡಿಯಾಗಿ ಉದುರುತ್ತದೆ, ಅದಕ್ಕೇ ಕಣ್ಣು ಮೋಸಹೋಗುವುದು. ಹುಣಸೆಯ ಕಡ್ಡಿಯ ಮೇಲೆ ಎಷ್ಟು ಹುಡುಕಿದರೂ ಹೂವಾಗಲಿ ಕಾಯಾಗಲಿ ಸಿಗದು.

ಸಂಯುಕ್ತ ಎಲೆಯಲ್ಲೂ ಬಗೆಗಳಿವೆ. ಬೇವಿನ ಕಡ್ಡಿ ಒಮ್ಮೆ ಕವಲಾದರೆ ಹೆಬ್ಬೇವಿನ ಕಡ್ಡಿಯಿಂದ ಮತ್ತೆ ಉಪಕಡ್ಡಿ ಹೊರಟು ಅದರ ಮೇಲೆ ಕಿರುಎಲೆ ಕೂರುತ್ತವೆ. ಈ ಒಂದೇ ವ್ಯತ್ಯಾಸ ಎರಡನ್ನೂ ಬೇರೆ ಮಾಡಲು ಸಾಕು. ಮೂರೇ ಕಿರುಎಲೆ ಇದ್ದರೆ ಮುತ್ತುಗ, ಬಿಲ್ವ, ಹಾಲುವಾಣ ನೆನಪಾಗಬೇಕು: ಮುತ್ತುಗದ್ದು ಅಂಗೈಯಗಲದ ಒರಟು ಎಲೆ, ಬಿಲ್ವದ್ದು ಉಜ್ಜಿದರೆ ಪರಿಮಳ, ಹಾಲುವಾಣದ ರೆಂಬೆಯ ಮೇಲೆ ಚೂಪು ಮುಳ್ಳು.

ಎಲೆಗಳು ಕೂತಿರುವ ಕ್ರಮಕ್ಕೆ ಅಷ್ಟೊಂದು ಮಹತ್ವ ಯಾಕೆ?

ಅದು ಸುಲಭಕ್ಕೆ ಬದಲಾಗುವುದಿಲ್ಲ, ಅದಕ್ಕೆ. ಒಂದು ಗೆಣ್ಣಿಗೆ ಒಂದೇ ಎಲೆ ಇದ್ದರೆ ಪರ್ಯಾಯ ಜೋಡಣೆ, ಎರಡು ಎದುರುಬದುರಾದರೆ ಅಭಿಮುಖ, ಮೂರೋ ಹೆಚ್ಚೋ ಸುತ್ತುವರಿದಿದ್ದರೆ ಸುತ್ತುಜೋಡಣೆ. ಹೆಚ್ಚಿನ ಮರಗಳದ್ದು ಪರ್ಯಾಯ. ಹಾಗಾಗಿ ಎಲೆಗಳು ಎದುರುಬದುರಾಗಿ ಕಂಡವೆಂದರೆ ಪಟ್ಟಿ ಒಮ್ಮೆಗೇ ಚಿಕ್ಕದಾಗುತ್ತದೆ. ನೇರಳೆ, ತೇಗ, ಕಾಫಿ ಕುಟುಂಬದ ಮರಗಳು ಎಲ್ಲ ಈ ಗುಂಪು. ಎದುರುಬದುರು ಎಲೆ, ಹಲ್ಲಿಲ್ಲದ ನುಣುಪಾದ ಅಂಚು, ಎರಡು ತೊಟ್ಟುಗಳ ನಡುವೆ ರೆಂಬೆಯ ಮೇಲೆ ತ್ರಿಕೋನದ ಪುಟ್ಟ ಪೊರೆ, ಈ ಮೂರೂ ಕೂಡಿದರೆ ಕಾಫಿ ಕುಟುಂಬವೆಂದು ಧೈರ್ಯವಾಗಿ ಬರೆದುಕೊಳ್ಳಿ.

ಹಾಲೆ ಮರವನ್ನೂ ಬೂರುಗವನ್ನೂ ಅಕ್ಕಪಕ್ಕ ಇಟ್ಟು ನೋಡುವುದು ನನಗೆ ಇಷ್ಟದ ಪಾಠ. ಎರಡರಲ್ಲೂ ಬಿಡಿಸಿದ ಅಂಗೈಯಂತೆ ಎಲೆಗಳ ಚಕ್ರ. ಬೂರುಗದಲ್ಲಿ ಐದರಿಂದ ಏಳು ಕಿರುಎಲೆ ಒಂದೇ ಉದ್ದ ತೊಟ್ಟಿನ ತುದಿಗೆ ಸೇರಿಕೊಂಡಿವೆ. ತೊಟ್ಟು ಕಿತ್ತರೆ ಅಷ್ಟೂ ಒಟ್ಟಿಗೆ ಬರುತ್ತವೆ. ಹಾಲೆಯಲ್ಲಿ ನಾಲ್ಕರಿಂದ ಏಳು ಸರಳ ಎಲೆ ಪ್ರತಿಯೊಂದೂ ನೇರವಾಗಿ ರೆಂಬೆಗೇ ಅಂಟಿದೆ, ಕಿತ್ತರೆ ಒಂದೊಂದೇ ಬರುತ್ತದೆ, ಕಿತ್ತ ಜಾಗದಲ್ಲಿ ಬಿಳಿ ಹಾಲು ಉಕ್ಕುತ್ತದೆ.

ಹಾಲು ಬಂದರೆ ಏನು ತಿಳಿಯಬೇಕು?

ಹಾಲು ಬರುವ ಕುಟುಂಬಗಳು ಕೆಲವೇ. ಹಲಸು, ಆಲ, ಅರಳಿ, ಅತ್ತಿಗಳದ್ದು ಒಂದು. ಹಿಪ್ಪೆ, ರಂಜ, ಸಪೋಟಾಗಳದ್ದು ಇನ್ನೊಂದು. ಹಾಲೆ, ದೇವಕಣಗಿಲೆಗಳದ್ದು ಮತ್ತೊಂದು. ಕಳ್ಳಿಯ ಕುಟುಂಬದಲ್ಲೂ ಹಾಲು ಸಾಮಾನ್ಯ. ಹಳದಿ ಹಾಲು ಬಂದರೆ ಮುರುಗಲು, ಉಪ್ಪಾಗೆಗಳ ಕುಟುಂಬವನ್ನು ನೆನೆಯಿರಿ. ತೊಗಟೆ ಗಾಯವಾದಲ್ಲಿ ರಕ್ತದಂತೆ ಕೆಂಪು ಸೊನೆ ಒಸರಿದರೆ ಹೊನ್ನೆಯೋ ಜಾಯಿಕಾಯಿಯ ಕುಟುಂಬದ್ದೋ ಆಗಿರಬಹುದು. ಹೊನ್ನೆಯದು ಸಂಯುಕ್ತ ಎಲೆ, ಜಾಯಿಕಾಯಿ ಕುಟುಂಬದ್ದು ಸರಳ ಎಲೆ.

ಹಾಲಿನ ಜೊತೆಗೆ ರೆಂಬೆಯ ಮೇಲಿನ ಉಂಗುರ ನೋಡಲು ಮರೆಯಬೇಡಿ. ಆಲ, ಅರಳಿಗಳ ಚಿಗುರನ್ನು ಒಂದು ಚೂಪಾದ ಪೊರೆ ಸುತ್ತಿಕೊಂಡಿರುತ್ತದೆ. ಎಲೆ ಅರಳುವಾಗ ಅದು ಕಳಚಿ ಬಿದ್ದು ರೆಂಬೆಯ ಸುತ್ತ ಬಳೆಯಂಥ ಗೆರೆ ಉಳಿಯುತ್ತದೆ. ಸಂಪಿಗೆಯ ರೆಂಬೆಯಲ್ಲೂ ಇದೇ ಬಳೆ ಇದೆ, ಆದರೆ ಹಾಲಿಲ್ಲ. ಬಳೆಯೂ ಹಾಲೂ ಇದ್ದರೆ ಆಲ, ಹಲಸುಗಳ ಕಡೆಗೆ; ಬಳೆ ಮಾತ್ರ ಇದ್ದರೆ ಸಂಪಿಗೆಯ ಕಡೆಗೆ. ಎರಡು ನಿಮಿಷದಲ್ಲಿ ಇಷ್ಟು ದೂರ ತಲುಪಿಸುವ ಗುರುತು ಬೇರೆ ಇಲ್ಲ ಎಂದೇ ನನ್ನ ಎಣಿಕೆ.

ಬೇಸಿಗೆಯಲ್ಲಿ ಹಾಲು ಕಡಿಮೆಯಾಗಿ ಇಲ್ಲವೇ ಇಲ್ಲ ಅನ್ನಿಸಬಹುದು. ಎಳೆ ರೆಂಬೆಯಲ್ಲಿ ಇನ್ನೊಮ್ಮೆ ನೋಡಿ.

ಗೊತ್ತಿಲ್ಲದ ಮರವನ್ನು ಮುಟ್ಟುವುದು, ರುಚಿ ನೋಡುವುದು ಸುರಕ್ಷಿತವೇ?

ರುಚಿ ನೋಡುವುದು ಬೇಡವೇ ಬೇಡ. ಕಾಸರಕದ ಹಣ್ಣು ಕಿತ್ತಳೆಯಂತೆ ದುಂಡಗೆ ಚೆಂದವಾಗಿ ಕಾಣುತ್ತದೆ. ಅದರ ಬೀಜದಲ್ಲಿರುವ ಸ್ಟ್ರಿಕ್ನೀನ್ ಪ್ರಾಣ ತೆಗೆಯುವ ವಿಷ. ಹಕ್ಕಿಯೋ ಮಂಗವೋ ತಿಂದಿತು ಎಂಬುದು ಮನುಷ್ಯರಿಗೆ ಭರವಸೆ ಅಲ್ಲ.

ಮುಟ್ಟುವಾಗಲೂ ಎಚ್ಚರ ಬೇಕು. ಮಾವು, ಗೋಡಂಬಿಗಳ ಕುಟುಂಬದಲ್ಲೇ ಹೊಳಗೇರು, ಕರಿಗೇರುಗಳಂಥ ಮರಗಳಿವೆ. ಅವುಗಳ ಸೊನೆ ತಾಗಿದಲ್ಲಿ ಚರ್ಮ ಸುಟ್ಟಂತಾಗಿ ಬೊಬ್ಬೆ ಏಳುತ್ತದೆ. ಕಾಂಡದ ಮೇಲೆ ಅಥವಾ ಎಲೆ ಕಿತ್ತಲ್ಲಿ ಸೊನೆ ಒಣಗಿ ಕಪ್ಪಗೆ ಕಲೆಯಾಗಿದ್ದರೆ ಕೈ ಹಿಂದೆ ತೆಗೆಯಿರಿ. ಉಪ್ಪುನೀರಿನ ಕಾಂಡ್ಲಾ ಕಾಡಿನಲ್ಲಿ ಬೆಳೆಯುವ ಎಕ್ಸ್‌ಕೋಕೇರಿಯಾ ಮರದ ಬಿಳಿ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಯಾವುದೇ ಹಾಲಾಗಲಿ, ಮುಟ್ಟಿದ ಕೈಯನ್ನು ಕಣ್ಣಿಗೆ ತಗಲಿಸಬೇಡಿ, ತೊಳೆದುಕೊಳ್ಳಿ.

ವಾಸನೆಯಿಂದ ಗುರುತು ಹಿಡಿಯುವುದು ಹೇಗೆ?

ಒಂದು ಎಲೆಯನ್ನು ಚೆನ್ನಾಗಿ ಹೊಸಕಿ ಮೂಗಿನ ಹತ್ತಿರ ಹಿಡಿಯಿರಿ, ಅಷ್ಟೇ. ನಂತರ ಇನ್ನೊಂದು ಎಲೆಯನ್ನು ಸೂರ್ಯನ ಬೆಳಕಿಗೆ ಅಡ್ಡ ಹಿಡಿದು ನೋಡಿ. ನಿಂಬೆ, ಬಿಲ್ವ, ಕರಿಬೇವುಗಳ ಕುಟುಂಬದಲ್ಲೂ ನೇರಳೆ, ನೀಲಗಿರಿಗಳ ಕುಟುಂಬದಲ್ಲೂ ಎಲೆಯ ತುಂಬ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಕಾಣುತ್ತವೆ. ಅವು ಎಣ್ಣೆಯ ಗ್ರಂಥಿಗಳು, ಪರಿಮಳ ಬರುವುದು ಅಲ್ಲಿಂದ. ನೇರಳೆಯ ಬಳಗದಲ್ಲಿ ಬಲಿತ ನೀಲಗಿರಿಯಂಥವನ್ನು ಬಿಟ್ಟರೆ ಹೆಚ್ಚಿನವುಗಳದ್ದು ಎದುರುಬದುರು ಎಲೆ, ನಿಂಬೆಯ ಬಳಗದ ಬಹುಪಾಲು ಮರಗಳದ್ದು ಪರ್ಯಾಯ. ವಾಸನೆಯನ್ನು ಬರೆದಿಡುವುದು ಕಷ್ಟ. ‘ಒಂಥರಾ ವಾಸನೆ’ ಎಂದು ಬರೆದರೆ ಮರುದಿನಕ್ಕೆ ಉಪಯೋಗವಿಲ್ಲ. ಹಸಿ ಮಾವಿನಕಾಯಿ, ಲವಂಗ, ಸೀಮೆಎಣ್ಣೆ, ಹೀಗೆ ಗೊತ್ತಿರುವ ವಾಸನೆಗೆ ಹೋಲಿಸಿ ಬರೆಯಿರಿ.

ಎಲೆಯ ನರಗಳಲ್ಲಿ ನೋಡುವಂಥದ್ದು ಏನಿದೆ?

ಬಹಳ ಇದೆ. ಹೆಚ್ಚಿನ ಎಲೆಗಳಲ್ಲಿ ನಡುನರ ಒಂದೇ, ಅದರಿಂದ ಬದಿಯ ನರಗಳು ಹೊರಡುತ್ತವೆ. ಬುಡದಿಂದಲೇ ಮೂರು ದಪ್ಪ ನರಗಳು ಒಟ್ಟಿಗೆ ಹೊರಟ ಎಲೆ ಸಿಕ್ಕಿತು ಅನ್ನಿ. ಎಲೆಗಳು ಎದುರುಬದುರಾಗಿದ್ದು ಹೊಸಕಿದರೆ ದಾಲ್ಚಿನ್ನಿಯ ಪರಿಮಳ ಬಂದರೆ ಅದು ದಾಲ್ಚಿನ್ನಿಯ ಕುಲ (ಕುಲ ಎಂದರೆ ಕುಟುಂಬದೊಳಗಿನ ಚಿಕ್ಕ ಗುಂಪು). ಎದುರುಬದುರಾಗಿದ್ದು ಯಾವ ಪರಿಮಳವೂ ಇಲ್ಲ, ನರಗಳು ಮೂರರಿಂದ ಐದು, ಎಲೆ ಹೊಳಪಾಗಿದೆ ಎಂದರೆ ಕಾಸರಕ ಇರಬಹುದು. ಎಲೆ ಪರ್ಯಾಯವಾಗಿದ್ದು ಹಿಂಬದಿ ಬೆಳ್ಳಗೆ ಮಖಮಲ್ಲಿನಂತಿದ್ದು ರೆಂಬೆಯಲ್ಲಿ ಮುಳ್ಳಿದ್ದರೆ ಬೋರೆ. ಮೂರು ನರದ ಎಲೆ ಒಂದನ್ನೇ ಫೋಟೊ ತೆಗೆದು ಕಳಿಸಿದರೆ ಈ ಮೂರರಲ್ಲಿ ಯಾವುದೆಂದು ಯಾರೂ ಹೇಳಲಾರರು. ರೆಂಬೆಯ ಬಳಿ ನಿಂತವರು ಅರ್ಧ ನಿಮಿಷದಲ್ಲಿ ಹೇಳುತ್ತಾರೆ.

ಸುರಹೊನ್ನೆಯ ಎಲೆಯಲ್ಲಿ ಬದಿಯ ನರಗಳು ಬಾಚಣಿಗೆ ಎಳೆದಂತೆ ಒತ್ತೊತ್ತಾಗಿ ಸಮಾಂತರವಾಗಿವೆ, ಒಮ್ಮೆ ನೋಡಿದರೆ ಮರೆಯುವುದಿಲ್ಲ. ಎಲೆಯ ಹಿಂಬದಿಯನ್ನು ತಿರುಗಿಸಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಕರಿಮತ್ತಿಯ ಎಲೆಯ ಹಿಂದೆ, ಬುಡದ ಹತ್ತಿರ, ನಡುನರದ ಮೇಲೆ ಪುಟ್ಟ ಬಟ್ಟಲಿನಂಥ ಗ್ರಂಥಿಗಳಿರುತ್ತವೆ. ತೇಗದ ಎಳೆ ಎಲೆಯನ್ನು ಅಂಗೈಯಲ್ಲಿ ಉಜ್ಜಿದರೆ ಕೆಂಪು ಬಣ್ಣ ಹತ್ತುತ್ತದೆ.

ತೊಗಟೆ ನೋಡಿಯೇ ಮರ ಹೇಳುವವರಿದ್ದಾರಲ್ಲ?

ಇದ್ದಾರೆ. ಅವರು ಅದೇ ಕಾಡಿನಲ್ಲಿ ಅದೇ ಮರಗಳ ನಡುವೆ ಬಾಳಿದವರು. ಹೊಸಬರಿಗೆ ತೊಗಟೆ ಸಹಾಯಕ ಸಾಕ್ಷಿಯಷ್ಟೇ. ಕಾರಣ, ಅದು ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. ಎಳೆಯ ಬೂರುಗದ ಮೈತುಂಬ ಶಂಕುವಿನಾಕಾರದ ಮುಳ್ಳುಗಳು. ಅದೇ ಮರ ಮುದಿಯಾದಾಗ ಕಾಂಡದಲ್ಲಿ ಮುಳ್ಳೇ ಇರುವುದಿಲ್ಲ, ಬುಡದಲ್ಲಿ ಹಲಗೆಬೇರುಗಳು ಎದ್ದಿರುತ್ತವೆ. ಮುಳ್ಳಿಲ್ಲವೆಂದು ಬೂರುಗ ಅಲ್ಲ ಎಂದು ಬರೆದರೆ ತಪ್ಪಿದಂತೆಯೇ.

ಹಾಗೆಂದು ತೊಗಟೆಯನ್ನು ಬಿಡುವಂತೆಯೂ ಇಲ್ಲ. ಕರಿಮತ್ತಿಯ ತೊಗಟೆ ಮೊಸಳೆಯ ಬೆನ್ನಿನಂತೆ ಚೌಕ ಚೌಕವಾಗಿ ಆಳಕ್ಕೆ ಬಿರಿದಿರುತ್ತದೆ. ಅದೇ ಕುಲದ ಹೊಳೆಮತ್ತಿಯದು ನುಣುಪು, ಬೂದುಬಿಳಿ, ದೊಡ್ಡ ಚಕ್ಕೆಗಳಾಗಿ ಕಳಚುತ್ತದೆ. ಎರಡರ ಕಾಯಿಗೂ ಐದು ರೆಕ್ಕೆ. ಕಾಯಿ ಮಾತ್ರ ನೋಡಿದವರು ಗೊಂದಲಕ್ಕೆ ಬೀಳುವಲ್ಲಿ ತೊಗಟೆ ದಾರಿ ತೋರಿಸುತ್ತದೆ.

ಕೆಲವರು ಕತ್ತಿಯಿಂದ ಕಚ್ಚು ಹಾಕಿ ಒಳತೊಗಟೆಯ ಬಣ್ಣ ನೋಡುತ್ತಾರೆ. ಬಲ್ಲವರಿಗೆ ಅದರಿಂದ ಬಹಳ ತಿಳಿಯುತ್ತದೆ ನಿಜ. ಆದರೆ ಗಾಯದ ಮೂಲಕ ಶಿಲೀಂಧ್ರವೂ ಹುಳುವೂ ಒಳಹೊಕ್ಕುತ್ತವೆ. ನಮ್ಮ ಕುತೂಹಲಕ್ಕಾಗಿ ಮರಕ್ಕೆ ಗಾಯ ಮಾಡುವುದನ್ನು ನಾನು ಒಪ್ಪುವುದಿಲ್ಲ.

ಕೊಂಬೆ ಕೈಗೆ ಎಟುಕದಷ್ಟು ಎತ್ತರದಲ್ಲಿದ್ದರೆ?

ದುರ್ಬೀನು ಇದ್ದರೆ ಎಲೆಗಳ ಜೋಡಣೆಯೂ ಕಾಯಿಯೂ ಕಾಣುತ್ತವೆ. ಇಲ್ಲವಾದರೆ ನೆಲ ನೋಡಿ: ಬಿದ್ದ ಎಲೆ, ಹೂವಿನ ಎಸಳು, ಕಾಯಿಯ ಸಿಪ್ಪೆ, ಬೀಜ. ಬುಡದ ಸುತ್ತ ಅದೇ ಮರದ ಸಸಿಗಳೂ ಇರಬಹುದು. ಆದರೆ ಬಿದ್ದ ಎಲೆ ಅದೇ ಮರದ್ದು ಎಂದು ನಂಬಿಬಿಡಬೇಡಿ. ಪಕ್ಕದ ಮರದ ಎಲೆ ಗಾಳಿಗೆ ಬಂದಿರುತ್ತದೆ, ಬಳ್ಳಿಯ ಎಲೆ ಬಿದ್ದಿರುತ್ತದೆ. ಹತ್ತು ಎಲೆ ಹೆಕ್ಕಿ ತಲೆಯೆತ್ತಿ ಮೇಲಿನದಕ್ಕೆ ಹೋಲಿಸಿದ ಮೇಲೆಯೇ ಬರೆದುಕೊಳ್ಳಿ.

ನನಗೆ ಈ ಪಾಠ ಕಲಿಸಿದ್ದು ಬಂದಳಿಕೆ. ಒಂದು ಮರದಲ್ಲಿ ಎರಡು ಬಗೆಯ ಎಲೆ ಕಂಡು, ಒಂದು ದಪ್ಪ ಬೂದುಹಸಿರು, ಇನ್ನೊಂದು ತೆಳ್ಳಗೆ ಉದ್ದ, ಎರಡನ್ನೂ ಒಂದೇ ಮರದ್ದೆಂದು ಬರೆದು ಎರಡು ದಿನ ಪುಸ್ತಕ ತಿರುವಿದೆ. ಯಾವ ವಿವರಣೆಗೂ ಹೊಂದಲಿಲ್ಲ. ಮತ್ತೆ ಹೋಗಿ ದಪ್ಪ ಎಲೆಯ ರೆಂಬೆಯನ್ನು ಬುಡದವರೆಗೆ ಕಣ್ಣಿನಲ್ಲೇ ಹಿಂಬಾಲಿಸಿದಾಗ ಅದು ಕೊಂಬೆಯ ಮೇಲೆ ಗಂಟು ಕಟ್ಟಿಕೊಂಡು ಬೇರು ಬಿಟ್ಟಿತ್ತು. ಮರ ಮಾವು. ಮಾವನ್ನು ಚಿಕ್ಕಂದಿನಿಂದ ಬಲ್ಲ ಕಣ್ಣೂ ಬಂದಳಿಕೆಯ ಎಲೆಗೆ ಸೋತಿತ್ತು. ಅಂದಿನಿಂದ ನಾನು ಯಾವ ಎಲೆಯನ್ನು ನೋಡಿದರೂ ಅದರ ರೆಂಬೆ ಕಾಂಡಕ್ಕೆ ಸೇರುವವರೆಗೆ ಕಣ್ಣು ಹಾಯಿಸುತ್ತೇನೆ.

ಎಲೆಯೆಲ್ಲ ಉದುರಿ ಬೋಳಾಗಿದ್ದರೆ?

ರೆಂಬೆಯ ಮೇಲೆ ಉದುರಿದ ಎಲೆಯ ಗುರುತು ಉಳಿದಿರುತ್ತದೆ. ಅದರಿಂದ ಜೋಡಣೆ ತಿಳಿಯಬಹುದು. ತುದಿಯಲ್ಲಿ ಒಣಗಿ ನಿಂತ ಕಾಯಿ, ಬುಡದ ಎಲೆರಾಶಿ, ಕಾಂಡ ಇವಿಷ್ಟೇ ಉಳಿದ ಸಾಕ್ಷಿ. ಕೆಲವು ಮರ ಬೋಳಾದಾಗಲೇ ಹೂಬಿಡುತ್ತವೆ, ಬೂರುಗ ಮತ್ತು ಮುತ್ತುಗದಂತೆ. ಆಗ ಗುರುತಿಸುವುದು ಮಿಕ್ಕ ಕಾಲಕ್ಕಿಂತ ಸುಲಭ. ಏನೂ ತೋಚದಿದ್ದರೆ ಜಾಗ ಗುರುತಿಟ್ಟುಕೊಂಡು ಚಿಗುರಿದ ಮೇಲೆ ಬನ್ನಿ.

ಒಂದೇ ಮರದಲ್ಲಿ ಎಲೆಗಳ ಆಕಾರ ಬೇರೆ ಬೇರೆ ಇದ್ದರೆ ಯಾವುದನ್ನು ನಂಬಬೇಕು?

ಬಂದಳಿಕೆಯಲ್ಲ ಎಂದು ಖಚಿತವಾದ ಮೇಲೆ, ಬಲಿತ ಮರದ ಬಿಸಿಲು ಬೀಳುವ ರೆಂಬೆಯ ಬಲಿತ ಎಲೆಯನ್ನು. ಪುಸ್ತಕಗಳ ವಿವರಣೆ ಸಾಮಾನ್ಯವಾಗಿ ಅದನ್ನೇ ಕುರಿತದ್ದು. ಕಡಿದ ಬೊಡ್ಡೆಯಿಂದ ಚಿಗುರಿದ ರೆಂಬೆಗಳ ಎಲೆ ಎರಡು ಪಟ್ಟು ದೊಡ್ಡದಿರಬಹುದು. ಹಲಸಿನ ಎಳೆ ಗಿಡದಲ್ಲಿ ಸೀಳುಗಳಿರುವ ಎಲೆ ಬರುತ್ತದೆ, ದೊಡ್ಡ ಮರದಲ್ಲಿ ಸೀಳಿಲ್ಲ.

ಇದರಲ್ಲಿ ಅತಿ ಸೋಜಿಗದ್ದು ಅಕೇಶಿಯಾ, ನೆಡುತೋಪುಗಳಲ್ಲಿ ಬೆಳೆಸುವ ಆರಿಕ್ಯುಲಿಫಾರ್ಮಿಸ್ ಎಂಬ ಪ್ರಭೇದ. ಅದರ ಕುಡುಗೋಲಿನಾಕಾರದ ‘ಎಲೆ’ ಎಲೆಯೇ ಅಲ್ಲ, ಚಪ್ಪಟೆಯಾದ ತೊಟ್ಟು. ಅದಕ್ಕೇ ಅದರಲ್ಲಿ ನರಗಳು ಉದ್ದಕ್ಕೆ ಓಡಿವೆ. ಮೊಳೆತು ಕೆಲವು ವಾರಗಳ ಸಸಿಯನ್ನು ಹುಡುಕಿ ನೋಡಿ: ಮೊದಲ ಎಲೆಗಳು ಜಾಲಿಯಂತೆ ಎರಡು ಬಾರಿ ಕವಲಾದ ಸಂಯುಕ್ತ ಎಲೆ, ಮುಂದಿನ ಎಲೆಯಲ್ಲಿ ತೊಟ್ಟು ಅಗಲವಾಗಿ ತುದಿಯಲ್ಲಿ ಮಾತ್ರ ಕಿರುಎಲೆ, ಆಮೇಲೆ ಕಿರುಎಲೆ ಮಾಯವಾಗಿ ಚಪ್ಪಟೆ ತೊಟ್ಟೊಂದೇ. ಒಂದೇ ಸಸಿಯ ಮೈಮೇಲೆ ಈ ಬದಲಾವಣೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ.

ಫೋಟೊ ತೆಗೆದು ಆ್ಯಪ್‌ಗೆ ಹಾಕಿದರೆ ಹೆಸರು ಬರುತ್ತದಲ್ಲ, ಇಷ್ಟೆಲ್ಲ ಯಾಕೆ?

ಆ್ಯಪ್ ಬಳಸಿ, ನಾನೂ ಬಳಸುತ್ತೇನೆ. ಆದರೆ ಅದು ಕೊಡುವುದನ್ನು ಊಹೆ ಎಂದು ತಿಳಿಯಿರಿ. ಅದು ನೋಡುವುದು ಚಿತ್ರವನ್ನು ಮಾತ್ರ. ಹಾಲು, ವಾಸನೆ, ಕಂಕುಳಿನ ಮೊಗ್ಗು ಅದಕ್ಕೆ ಗೊತ್ತಾಗುವುದಿಲ್ಲ. ಹೆಚ್ಚು ಫೋಟೊ ಇರುವ ಸಾಮಾನ್ಯ ಮರಗಳನ್ನು ಚೆನ್ನಾಗಿ ಹೇಳುತ್ತದೆ, ಅಪರೂಪದ ಮರ ಕಂಡರೆ ಅದನ್ನು ಹೋಲುವ ಸಾಮಾನ್ಯ ಮರದ ಹೆಸರು ಹೇಳಿಬಿಡುವ ಸಂಭವ ಹೆಚ್ಚು. ಗಿಡಮರ, ಪ್ರಾಣಿಗಳ ಫೋಟೊ ಹಾಕಿ ಗುರುತು ಕೇಳುವ, 2008ರಲ್ಲಿ ಶುರುವಾದ ಐನ್ಯಾಚುರಲಿಸ್ಟ್‌ನಂಥ ಜಾಲತಾಣ ವೇದಿಕೆಗಳ ನಿಜವಾದ ಬಲ ಇರುವುದು ನೋಡಿ ತಿದ್ದುವ ಜನರಲ್ಲಿ. ಅಲ್ಲಿ ಗುರುತಿಸಿದವರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಜನ ಒಪ್ಪಿದರೆ ಮಾತ್ರ ಒಂದು ದಾಖಲೆ ಸಂಶೋಧನೆಗೆ ಯೋಗ್ಯವಾದ ದರ್ಜೆಗೆ ಏರುತ್ತದೆ.

ಆ ಜನರಿಗೆ ಉಪಯೋಗವಾಗುವಂತೆ ಫೋಟೊ ತೆಗೆಯಿರಿ. ಇಡೀ ಮರ, ಕಾಂಡ, ಎಲೆಗಳ ಜೋಡಣೆ ಕಾಣುವ ರೆಂಬೆ, ಎಲೆಯ ಮುಂಬದಿ, ಹಿಂಬದಿ, ತೊಟ್ಟು ಸೇರುವ ಕಂಕುಳಿನ ಹತ್ತಿರದ ಚಿತ್ರ, ಹೂವೋ ಕಾಯಿಯೋ ಇದ್ದರೆ ಅದು. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಿ. ಹೂವಿದ್ದರೆ ಬದಿಯಿಂದಲೂ ಒಂದು ಚಿತ್ರ ಬೇಕು, ಮೇಲಿಂದ ತೆಗೆದದ್ದರಲ್ಲಿ ತೊಟ್ಟು ಮತ್ತು ಪುಷ್ಪಪಾತ್ರೆ (ಹೂವಿನ ಬುಡದ ಬಟ್ಟಲು) ಕಾಣುವುದಿಲ್ಲ.

ಪುಸ್ತಕಗಳಲ್ಲಿ ಬರುವ ‘ಕೀ’ ಬಳಸುವುದು ಹೇಗೆ?

ಕೀ ಎಂದರೆ ಜೋಡಿ ಜೋಡಿ ಹೇಳಿಕೆಗಳ ಸರಣಿ. ‘ಎಲೆ ಅಭಿಮುಖ / ಎಲೆ ಪರ್ಯಾಯ’ ಹೀಗೆ ಎರಡರಲ್ಲಿ ಒಂದನ್ನು ಆರಿಸಿದರೆ ಮುಂದಿನ ಜೋಡಿಗೆ ಕಳಿಸುತ್ತದೆ. ಫ್ರಾನ್ಸಿನ ನಿಸರ್ಗಶಾಸ್ತ್ರಜ್ಞ ಲಮಾರ್ಕ್ 1778ರಲ್ಲಿ ತನ್ನ ದೇಶದ ಸಸ್ಯಗಳಿಗಾಗಿ ಬಳಸಿದ ಈ ಕ್ರಮ ಇಂದಿಗೂ ನಡೆದಿದೆ. ಎರಡೂ ಹೇಳಿಕೆ ಪೂರ್ತಿ ಓದಿದ ಮೇಲೆಯೇ ಆರಿಸಿ. ಸಂಶಯ ಬಂದ ಜಾಗಕ್ಕೆ ಗುರುತು ಹಾಕಿ, ಎರಡೂ ದಾರಿಯಲ್ಲಿ ಹೋಗಿ ನೋಡಿ. ಕೊನೆಗೆ ಸಿಕ್ಕ ಹೆಸರಿನ ಪೂರ್ಣ ವಿವರಣೆಯನ್ನು ಮರಕ್ಕೆ ಹೋಲಿಸದೆ ಬಿಡಬೇಡಿ. ಇನ್ನೊಂದು: ಆ ಪ್ರದೇಶಕ್ಕೆಂದೇ ಬರೆದ ಪುಸ್ತಕವನ್ನು ಹಿಡಿಯಿರಿ. ಪ್ರಪಂಚದಲ್ಲಿ ಸುಮಾರು 73,000 ಮರಪ್ರಭೇದಗಳಿವೆ, ಅದರಲ್ಲಿ 9,000ದಷ್ಟು ಇನ್ನೂ ವಿಜ್ಞಾನಕ್ಕೆ ಪರಿಚಯವಾಗಿಲ್ಲ ಎಂಬುದು 2022ರ ಒಂದು ಅಂದಾಜು. ಒಂದು ಪ್ರದೇಶದ ಪಟ್ಟಿಯಲ್ಲಿ ಇರುವುದು ಅದರ ಪುಟ್ಟ ಚೂರು.

ಊರವರು ಹೇಳುವ ಹೆಸರು ಸಾಲದೇ? ವೈಜ್ಞಾನಿಕ ಹೆಸರು ಬೇಕೇ ಬೇಕೇ?

ಊರ ಹೆಸರನ್ನು ಮೊದಲು ಕೇಳಿ ಬರೆದುಕೊಳ್ಳಿ. ಅದನ್ನು ಹೇಳುವವರಿಗೆ ಮರದ ಹೂಬಿಡುವ ಕಾಲ, ಸೌದೆಯ ಗುಣ, ಔಷಧಿ ಎಲ್ಲ ಗೊತ್ತಿರುತ್ತದೆ. ಸಮಸ್ಯೆ ಏನೆಂದರೆ ಒಂದೇ ಹೆಸರು ಎರಡು ಮರಗಳಿಗೆ ಇರುತ್ತದೆ. ಹೊನ್ನೆ ಎಂದರೆ ಕೆಲವರಿಗೆ ಕೆಂಪು ಸೊನೆಯ ಟೆರೋಕಾರ್ಪಸ್ ಮಾರ್ಸುಪಿಯಂ, ಇನ್ನು ಕೆಲವರಿಗೆ ಎಣ್ಣೆ ತೆಗೆಯುವ ಸುರಹೊನ್ನೆ, ಕ್ಯಾಲೋಫಿಲ್ಲಂ ಇನೋಫಿಲ್ಲಂ. ಎರಡಕ್ಕೂ ನಂಟೇ ಇಲ್ಲ. ಅಶೋಕದ ಕಥೆಯೂ ಇದೇ: ಸಾಲಾಗಿ ನೆಡುವ, ಅಲೆಯಂಚಿನ ಸರಳ ಎಲೆಯ, ಕಂಬದಂಥ ಮರ ನಿಜವಾದ ಅಶೋಕ ಅಲ್ಲ. ಸಂಯುಕ್ತ ಎಲೆಯ, ಕಿತ್ತಳೆಗೆಂಪು ಹೂಗೊಂಚಲಿನ ಸರಾಕಾ ಅಶೋಕವೇ ಅಶೋಕ.

ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಎಲ್ಲ ಸಸ್ಯಗಳಿಗೂ ರೂಢಿಗೆ ತಂದ ಎರಡು ಪದದ ಹೆಸರು ಈ ಗೊಂದಲ ಕಳೆಯಲು ನೆರವಾಗುತ್ತದೆ. ಆದರೆ ಅವೂ ಬದಲಾಗುತ್ತವೆ. ಸಂಪಿಗೆ ಮೊದಲು ಮಿಚೇಲಿಯಾ ಚಂಪಕ, ಈಗ ಮ್ಯಾಗ್ನೋಲಿಯಾ ಚಂಪಕ. ಹೊಂಗೆಯನ್ನು ಪೊಂಗಾಮಿಯಾ, ಡೆರ್ರಿಸ್, ಮಿಲ್ಲೆಟಿಯಾ ಎಂದು ಮೂರು ಕುಲಗಳ ಹೆಸರಿನಲ್ಲಿ ಕರೆದಿದ್ದಾರೆ. ಹಳೆಯ ಪುಸ್ತಕದಲ್ಲಿ ಬೇರೆ ಹೆಸರು ಕಂಡರೆ ಮರ ಬೇರೆ ಎಂದುಕೊಳ್ಳಬೇಡಿ.

ಸುತ್ತಳತೆ, ಎತ್ತರ ಬರೆದುಕೊಳ್ಳಬೇಕೇ?

ಬರೆದರೆ ಒಳ್ಳೆಯದು. ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.3 ಮೀಟರ್ ಎತ್ತರದಲ್ಲಿ, ಟೇಪು ಸುತ್ತಿ ಅಳೆಯಿರಿ, 3.14ರಿಂದ ಭಾಗಿಸಿದರೆ ವ್ಯಾಸ. ಎತ್ತರಕ್ಕೆ, ನಿಮ್ಮ ಕಣ್ಣಿನಿಂದ ಚಾಚಿದ ಮುಷ್ಟಿಯವರೆಗಿನಷ್ಟೇ ಉದ್ದದ ಕೋಲನ್ನು ಮುಷ್ಟಿಯಿಂದ ಮೇಲಕ್ಕೆ ನೆಟ್ಟಗೆ ಹಿಡಿದು, ಮರದ ಬುಡ ಮುಷ್ಟಿಗೂ ತುದಿ ಕೋಲಿನ ತುದಿಗೂ ಸರಿಹೊಂದುವವರೆಗೆ ಹಿಂದೆ ಸರಿಯಿರಿ. ಸಮತಟ್ಟು ನೆಲದಲ್ಲಿ ನೀವು ನಿಂತ ಜಾಗಕ್ಕೂ ಮರಕ್ಕೂ ಇರುವ ದೂರವೇ ಹೆಚ್ಚುಕಡಿಮೆ ಅದರ ಎತ್ತರ.

ಮಾದರಿ ಒಣಗಿಸಿ ಇಟ್ಟುಕೊಳ್ಳಬಹುದೇ?

ಜಾಗಕ್ಕೆ ಸಂಬಂಧಪಟ್ಟವರ ಅನುಮತಿ ಇದ್ದರೆ. ರಕ್ಷಿತ ಅರಣ್ಯದಲ್ಲಿ ಅನುಮತಿಯಿಲ್ಲದೆ ಒಂದೆಲೆಯನ್ನೂ ತರಬೇಡಿ. ಒಣಗಿಸಿದ ಮಾದರಿಯನ್ನು ಅಂಟಿಸಿಡುವ ಹರ್ಬೇರಿಯಂ ಹಾಳೆಯ ಅಳತೆ ಸುಮಾರು 42 × 28 ಸೆಂ.ಮೀ.; ಅದರಲ್ಲಿ ಹಿಡಿಸುವಷ್ಟು ರೆಂಬೆ, ಸಾಧ್ಯವಾದರೆ ಹೂವು ಅಥವಾ ಕಾಯಿಯ ಸಮೇತ. ಪತ್ರಿಕೆಯ ಹಾಳೆಗಳ ನಡುವೆ ಒತ್ತಿ, ಮೊದಲ ಕೆಲವು ದಿನ ಹಾಳೆಗಳನ್ನು ದಿನವೂ ಬದಲಿಸಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಒಂದು ಎಲೆಯನ್ನಾದರೂ ಹಿಂಬದಿ ಮೇಲಾಗಿ ಇಡಿ. ಒಣಗಿದ ಮೇಲೆ ಹೂವಿನ ಬಣ್ಣ, ವಾಸನೆ, ಹಾಲು ಉಳಿಯುವುದಿಲ್ಲ. ಅದನ್ನೆಲ್ಲ ಅಲ್ಲೇ ನಿಂತು ಬರೆದುಕೊಳ್ಳಿ, ತಾರೀಖು ಮತ್ತು ಜಾಗದ ಸಮೇತ.

ಇಷ್ಟೆಲ್ಲ ಮಾಡಿದರೂ ಪ್ರಭೇದ ಗೊತ್ತಾಗದಿದ್ದರೆ?

ತಿಳಿದಷ್ಟನ್ನು ಬರೆಯಿರಿ. ‘ಫೈಕಸ್ (ಆಲ, ಅರಳಿಗಳ) ಕುಲ, ಪ್ರಭೇದ ತಿಳಿದಿಲ್ಲ’ ಎಂಬುದು ಪೂರ್ಣ ಮರ್ಯಾದೆಯ ದಾಖಲೆ. ತಪ್ಪು ಹೆಸರು ಬರೆದರೆ ಮುಂದೆ ಅದನ್ನು ನಂಬಿದವರೆಲ್ಲ ತಪ್ಪುತ್ತಾರೆ. ಫೈಕಸ್ ಕುಲದಲ್ಲೇ 800ಕ್ಕೂ ಹೆಚ್ಚು ಪ್ರಭೇದಗಳಿವೆ, ನೇರಳೆಯ ಸಿಜಿಜಿಯಂ ಕುಲದಲ್ಲಿ ಸಾವಿರಕ್ಕೂ ಮೀರಿ. ಅವುಗಳ ಮೇಲೆಯೇ ಆಯುಷ್ಯ ಕಳೆದವರೂ ಹೂವಿಲ್ಲದ ರೆಂಬೆ ನೋಡಿ ತಡೆಯುತ್ತಾರೆ.

ನನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಸಿಜಿಜಿಯಂ ಹಾಗೆಯೇ ಇದೆ. ಎದುರುಬದುರು ಎಲೆ, ಬೆಳಕಿಗೆ ಹಿಡಿದರೆ ಚುಕ್ಕೆ, ಅಂಚಿನ ಒಳಗೆ ಅಂಚಿಗೆ ಸಮನಾಗಿ ಓಡುವ ತೆಳು ನರ, ಚಿಗುರು ತಾಮ್ರದ ಬಣ್ಣ. ಮೂರು ವರ್ಷಗಳಿಂದ ಹೋಗುತ್ತಿದ್ದೇನೆ, ಮೊಗ್ಗು ಕಂಡಿಲ್ಲ. ಹೆಸರಿನ ಜಾಗ ಖಾಲಿ ಬಿಟ್ಟು ಪ್ರತಿ ಸಲವೂ ಅದರ ಕೆಳಗೆ ತಾರೀಖು, ಚಿಗುರಿನ ಬಣ್ಣ, ಉದುರಿದ ಎಲೆಯ ಲೆಕ್ಕ ಬರೆದು ಬರುತ್ತೇನೆ.